ಮೈಕ್ ಯಾರ ಮುಂದೆ ಹಿಡಿದರು

ಹೋದ ತಿಂಗಳು ಒಂದು ರಾತ್ರಿ ನಿದ್ದೆ ಬರದೆ ಹಳೆಯ ಬಾಕ್ಸಿಂಗ್ ಡಾಕ್ಯುಮೆಂಟರಿಯೊಂದನ್ನು ಮತ್ತೆ ಹಾಕಿಕೊಂಡು ಕೂತೆ. ‘ವೆನ್ ವಿ ವರ್ ಕಿಂಗ್ಸ್’. ಲಿಯಾನ್ ಗ್ಯಾಸ್ಟ್ ಮಾಡಿದ್ದು, 1996ರಲ್ಲಿ ಬಂದಿದ್ದು. 1974ರ ಅಕ್ಟೋಬರ್ 30ರ ಬೆಳಗಿನ ಜಾವ ಝೈರ್ ದೇಶದ (ಈಗಿನ ಕಾಂಗೋ) ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಮತ್ತು ಜಾರ್ಜ್ ಫೋರ್‌ಮನ್ ಹೊಡೆದಾಡಿದ ಆ ಪಂದ್ಯದ ಕಥೆ. ಮೊದಲ ಸಲ ನೋಡಿದಾಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಎಂಟನೇ ರೌಂಡಿನಲ್ಲಿ ಫೋರ್‌ಮನ್ ಸುತ್ತಿಕೊಂಡು ಕೆಳಗೆ ಬೀಳುತ್ತಾನಲ್ಲ, ಬೀಳುತ್ತಿರುವವನಿಗೆ ಇನ್ನೊಂದು ಏಟು ಕೊಡಬಹುದಿತ್ತು, ಅಲಿ ಕೈ ತಡೆದುಕೊಳ್ಳುತ್ತಾನೆ. ಅದನ್ನು ನೋಡಿ ಮೈ ಜುಮ್ಮೆಂದಿತ್ತು. ಈ ಸಲವೂ ಜುಮ್ಮೆಂದಿತು. ಆದರೆ ಈ ಸಲ ಚಿತ್ರ ಅರ್ಧ ದಾಟುವಾಗ ಒಂದು ಪ್ರಶ್ನೆ ತಲೆಗೆ ಬಂತು. ಆಮೇಲೆ ಹೋಗಲಿಲ್ಲ. ಈ ಊರಿನವರು ಎಲ್ಲಿ?

ಊರಿನವರು ಕಾಣುವುದಿಲ್ಲ ಅಂತಲ್ಲ. ಎಲ್ಲೆಲ್ಲೂ ಅವರೇ. ವಿಮಾನ ನಿಲ್ದಾಣದಲ್ಲಿ, ರಸ್ತೆಯ ಎರಡೂ ಕಡೆ, ಓಡುತ್ತಿರುವ ಅಲಿಯ ಹಿಂದೆ ಮುಂದೆ, ಸ್ಟೇಡಿಯಂ ತುಂಬ. ‘ಅಲಿ ಬೊಮಾಯೆ’ ಅಂತ ಕೂಗುತ್ತಾರೆ. ಲಿಂಗಾಲಾ ಭಾಷೆಯಲ್ಲಿ ‘ಅಲಿ, ಅವನನ್ನು ಕೊಂದು ಹಾಕು’ ಅಂತ ಅರ್ಥ. ಆ ಎರಡು ಪದ ಇವತ್ತು ಜಗತ್ತಿಗೆಲ್ಲ ಗೊತ್ತು. ಆದರೆ ಕೂಗಿದವರಲ್ಲಿ ಒಬ್ಬರನ್ನು ಕರೆದು ಕೂರಿಸಿ, ಅವತ್ತು ನಿನಗೆ ಏನನ್ನಿಸಿತು, ಬೆಳಗಿನ ಜಾವ ನಾಲ್ಕು ಗಂಟೆಗೆ ಸ್ಟೇಡಿಯಂಗೆ ಹೇಗೆ ಬಂದೆ, ಆಮೇಲೆ ಮನೆಗೆ ಹೇಗೆ ಹೋದೆ, ಏನು ತಿಂದೆ ಅಂತ ಕೇಳಿದ್ದಾರಾ? ನಾನು ಚಿತ್ರ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಐದು ಕುರ್ಚಿ

ನಂತರದ ವರ್ಷಗಳಲ್ಲಿ ಕೂತು, ಮುಖದ ಮೇಲೆ ಬೆಳಕು ಬಿಟ್ಟುಕೊಂಡು, ಹಿಂದಿನದನ್ನು ನೆನೆದು ವಿವರಿಸುವವರು ಈ ಚಿತ್ರದಲ್ಲಿ ಐದು ಜನ. ನಾರ್ಮನ್ ಮೇಲರ್, ಜಾರ್ಜ್ ಪ್ಲಿಂಪ್ಟನ್, ಥಾಮಸ್ ಹೌಸರ್, ಈ ಮೂವರು ಅಮೆರಿಕದ ಬಿಳಿ ಬರಹಗಾರರು. ನಾಲ್ಕನೆಯವರು ಸ್ಪೈಕ್ ಲೀ, ಅಮೆರಿಕದ ಕಪ್ಪು ನಿರ್ದೇಶಕ. ಐದನೆಯವರು ಮಾಲಿಕ್ ಬೋವೆನ್ಸ್, ಆಫ್ರಿಕಾದ ಕಲಾವಿದ. ಇಡೀ ಒಂದು ಖಂಡಕ್ಕೆ ಒಂದು ಕುರ್ಚಿ. ಹೆಂಗಸರಿಗೆ ಒಂದೂ ಇಲ್ಲ.

ಮೇಲರ್, ಪ್ಲಿಂಪ್ಟನ್ ಕೆಟ್ಟದಾಗಿ ಮಾತಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಇಬ್ಬರೂ ಅವತ್ತು ರಿಂಗ್ ಪಕ್ಕದಲ್ಲೇ ಇದ್ದವರು. ಅಲಿ ಮೊದಲ ರೌಂಡಿನಲ್ಲೇ ಬಲಗೈಯಿಂದ ನೇರ ಹೊಡೆದನಲ್ಲ, ಅದು ಫೋರ್‌ಮನ್‌ಗೆ ಎಂಥ ಅವಮಾನ ಅಂತ ಮೇಲರ್ ಬಿಡಿಸಿ ಹೇಳುವಾಗ ಬಾಕ್ಸಿಂಗ್ ಗೊತ್ತಿಲ್ಲದವರಿಗೂ ಆ ಏಟಿನ ಬೆಲೆ ತಿಳಿಯುತ್ತದೆ. ಅಂಥವರನ್ನು ಯಾವ ನಿರ್ದೇಶಕ ಬಿಡುತ್ತಾನೆ ಹೇಳಿ. ಇನ್ನೊಂದು ಕಷ್ಟವೂ ಇತ್ತು. ಗ್ಯಾಸ್ಟ್ ಹೋಗಿದ್ದು ಪಂದ್ಯಕ್ಕಲ್ಲ, ಅದರ ಜೊತೆ ಇಟ್ಟುಕೊಂಡಿದ್ದ ಮೂರು ದಿನದ ಸಂಗೀತ ಉತ್ಸವ ಚಿತ್ರಿಸುವುದಕ್ಕೆ. ಅಭ್ಯಾಸದ ಹೊಡೆದಾಟದಲ್ಲಿ ಫೋರ್‌ಮನ್‌ನ ಕಣ್ಣಿನ ಮೇಲೆ ಗಾಯ ಆಗಿ ಪಂದ್ಯ ಐದು ವಾರ ಮುಂದೆ ಹೋಯಿತು, ಕ್ಯಾಮೆರಾ ಅಲಿಯ ಹಿಂದೆ ತಿರುಗಿತು. ಆಮೇಲೆ ದುಡ್ಡಿನ ತಾಪತ್ರಯ, ಕೋರ್ಟಿನ ಗೋಳು. ರೀಲುಗಳು ಇಪ್ಪತ್ತು ವರ್ಷಕ್ಕೂ ಜಾಸ್ತಿ ಹಾಗೇ ಬಿದ್ದಿದ್ದವು. ಕೊನೆಗೆ ತೊಂಬತ್ತರ ದಶಕದಲ್ಲಿ ಕೂರಿಸಿ ಮಾತಾಡಿಸಿದ ಭಾಗಗಳನ್ನು ಸೇರಿಸಿ ಚಿತ್ರ ಮುಗಿಸಿದರು. ಆಗಲೂ ಝೈರ್‌ನಲ್ಲಿ ಸರ್ವಾಧಿಕಾರಿ ಮೊಬುಟುವೇ ಇದ್ದ, ಅವನು ಇಳಿದದ್ದು 1997ರ ಮೇ ತಿಂಗಳಲ್ಲಿ. ಕಿನ್ಶಾಸಾದಲ್ಲಿ ಕೂತು ಮೊಬುಟು ಬಗ್ಗೆ ಕ್ಯಾಮೆರಾ ಮುಂದೆ ಮಾತಾಡು ಅಂದರೆ ಯಾರು ಬಾಯಿ ಬಿಡುತ್ತಾರೆ?

ಆದರೆ ಕಾಂಗೋದವರು ಹೊರಗೂ ಇದ್ದರಲ್ಲ. ಬ್ರಸೆಲ್ಸ್‌ನಲ್ಲಿ ಒಂದು ಬೀದಿಯ ಸುತ್ತಮುತ್ತಲನ್ನೇ ಮಟೊಂಗೆ ಅಂತ ಕರೆಯುತ್ತಾರೆ, ಕಿನ್ಶಾಸಾದ ಒಂದು ಬಡಾವಣೆಯ ಹೆಸರು ಅದು. ಅಲ್ಲಿ ಹೋಗಿ ಕೇಳಿದ್ದರೆ ಆ ರಾತ್ರಿ ಸ್ಟೇಡಿಯಂನಲ್ಲಿದ್ದ ಒಬ್ಬರಾದರೂ ಸಿಗುತ್ತಿರಲಿಲ್ವಾ? ಸಿಗುತ್ತಿದ್ದರು ಅಂತಲೇ ನನಗೆ ಅನ್ನಿಸುತ್ತದೆ.

ಚಿತ್ರದಲ್ಲಿ ಒಂದು ಭಯಂಕರ ಕಥೆ ಬರುತ್ತದೆ. ವಿದೇಶಿಯರು ಬರುವ ಮೊದಲು ಊರಲ್ಲಿ ಕಳ್ಳಕಾಕರ ಕಾಟ ಇರಬಾರದು ಅಂತ ಮೊಬುಟು ಸಾವಿರ ಜನರನ್ನು ಹಿಡಿಸಿ ಸ್ಟೇಡಿಯಂ ಕೆಳಗಿನ ಕೋಣೆಗಳಲ್ಲಿ ಕೂಡಿಹಾಕಿಸಿದನಂತೆ, ಅವರಲ್ಲಿ ನೂರು ಜನರನ್ನು ಯಾರು ಏನು ಅಂತ ನೋಡದೆ ಕೊಲ್ಲಿಸಿದನಂತೆ. ಎಷ್ಟು ನಿಜ ಅನ್ನುವುದನ್ನು ಚಿತ್ರ ವಿಚಾರಿಸುವುದಿಲ್ಲ. ಅಮೆರಿಕದ ಬರಹಗಾರರ ಬಾಯಲ್ಲಿ ಅದು ಒಳ್ಳೆ ರೋಚಕ ಕಥೆಯಾಗಿ ಬಂದು ಹೋಗುತ್ತದೆ. ನಾನು ಮೊದಲ ಸಲ ನೋಡಿದಾಗ ಅಬ್ಬಾ ಅಂದುಕೊಂಡು ಮುಂದೆ ನೋಡಿದ್ದೆ. ಈ ಸಲ ಅಲ್ಲೇ ನಿಂತೆ. ಹಾಗೆ ಯಾರಾದರೂ ಸತ್ತಿದ್ದರೆ ಅವರಿಗೊಬ್ಬ ತಾಯಿ ಇರುತ್ತಾಳೆ, ಅಣ್ಣ ತಮ್ಮ ಇರುತ್ತಾರೆ. ಹಾಗೆ ನಡೆದೇ ಇಲ್ಲ ಅನ್ನುವುದಾದರೆ ಅದನ್ನು ಹೇಳುವುದಕ್ಕೂ ಆ ಊರಿನವರೇ ಬೇಕು. ಎರಡಕ್ಕೂ ಅಲ್ಲಿ ಜಾಗ ಇಲ್ಲ.

ಈ ಚಿತ್ರದ ವೈವಿಧ್ಯದ ಬಗ್ಗೆ ಯಾರಾದರೂ ಲೆಕ್ಕ ಹಾಕಿದರೆ ನೂರಕ್ಕೆ ನೂರು ಅಂಕ ಬರುತ್ತದೆ, ಅದೇ ನನ್ನನ್ನು ಕಾಡುವುದು. ಹೊಡೆದಾಡುವ ಇಬ್ಬರೂ ಕಪ್ಪು ಜನ. ಪಂದ್ಯ ಏರ್ಪಡಿಸಿದ ಡಾನ್ ಕಿಂಗ್ ಕಪ್ಪು ಮನುಷ್ಯ. ಹಾಡುವವರು ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್. ಒಬ್ಬೊಬ್ಬ ಬಾಕ್ಸರ್‌ಗೆ ಐವತ್ತು ಲಕ್ಷ ಡಾಲರ್ ಅಂತ ಗಂಟು ಬಿಚ್ಚಿದ್ದು ಆಫ್ರಿಕಾದ ಒಂದು ಸರ್ಕಾರ. ಅಲಿಯಂತೂ ತಾನು ಕೂತ ವಿಮಾನವನ್ನು ಓಡಿಸುವವರು ಕಪ್ಪು ಪೈಲಟ್‌ಗಳು ಅಂತ ಮಗುವಿನ ಹಾಗೆ ಬೆರಗಾಗುತ್ತಾನೆ, ಆ ಬೆರಗು ನೋಡಿದರೆ ಕಣ್ಣು ಒದ್ದೆಯಾಗುತ್ತದೆ. ಇಷ್ಟೆಲ್ಲ ಇದ್ದರೂ, ಇದರ ಅರ್ಥ ಏನು ಅಂತ ನಮಗೆ ತಿಳಿಸಿ ಹೇಳುವ ಕೆಲಸ ಮಾತ್ರ ಬಹುಪಾಲು ಹೊರಗಿನವರದ್ದು.

ಮೋಹಿನಿಯಾಗಿಸಿದ ಹೆಂಗಸು

ಮಿರಿಯಂ ಮಕೇಬಾ ಅವರ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಪ್ಲಿಂಪ್ಟನ್ ಒಂದು ಕಥೆ ಹೇಳುತ್ತಾರೆ. ಒಬ್ಬ ಮಂತ್ರವಾದಿ ಹೇಳಿದ್ದನಂತೆ, ಕೈ ನಡುಗುವ ಹೆಂಗಸೊಬ್ಬಳು ಬಂದು ಫೋರ್‌ಮನ್‌ನನ್ನು ಹಿಡಿಯುತ್ತಾಳೆ ಅಂತ. ನಮ್ಮಲ್ಲಿ ಮೋಹಿನಿ ಅಂತಾರಲ್ಲ, ಹಾಗೆ. ಆ ಮಾತಿನ ಜೊತೆಗೆ ತೆರೆಯ ಮೇಲೆ ಬರುವುದು ವೇದಿಕೆಯಲ್ಲಿ ಹಾಡುತ್ತಿರುವ ಮಕೇಬಾ. ಅವರ ಮುಖ, ಅವರ ಉಸಿರಿನ ಸದ್ದು. ಫೋರ್‌ಮನ್ ಬಿದ್ದ ಮೇಲೂ ಅವರನ್ನೇ ತೋರಿಸುತ್ತಾರೆ. ಕೆಲಸಗಾರಿಕೆ ಚೆನ್ನಾಗಿದೆ, ರೋಮ ನಿಲ್ಲುತ್ತದೆ. ಆದರೆ ಆ ಹೆಂಗಸು ಯಾರು? 1960ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿ ಸರ್ಕಾರ ಅವರ ಪಾಸ್‌ಪೋರ್ಟ್ ರದ್ದು ಮಾಡಿತು. ಹೆತ್ತ ತಾಯಿಯ ಮಣ್ಣಿಗೆ ಹೋಗಲು ಆಗಲಿಲ್ಲ. 1963ರಲ್ಲಿ ವಿಶ್ವಸಂಸ್ಥೆಯ ಮುಂದೆ ನಿಂತು ತನ್ನ ದೇಶದಲ್ಲಿ ನಡೆಯುತ್ತಿರುವುದೇನು ಅಂತ ಬಾಯಿ ಬಿಟ್ಟು ಹೇಳಿದವರು. ಅಷ್ಟು ಮಾತು ಇದ್ದವರು. ಅವರನ್ನು ಈ ಚಿತ್ರ ಮಾಟ ಮಾಡುವ ಹೆಂಗಸಾಗಿ ನಿಲ್ಲಿಸಿದೆ. ಕಪ್ಪು ಜನರ ಸ್ವಾಭಿಮಾನದ ಬಗ್ಗೆಯೇ ಇರುವ ಚಿತ್ರದಲ್ಲಿ ಹೀಗಾಯಿತಲ್ಲ ಅಂತ ನೋವಾಗುತ್ತದೆ.

(ಉಳಿದ ರೀಲುಗಳಿಂದ ಜೆಫ್ರಿ ಲೆವಿ-ಹಿಂಟೆ 2008ರಲ್ಲಿ ‘ಸೋಲ್ ಪವರ್’ ಅಂತ ಇನ್ನೊಂದು ಚಿತ್ರ ಮಾಡಿದರು, ಸಂಗೀತ ಉತ್ಸವದ್ದು. ಅದರಲ್ಲಿ ಕುರ್ಚಿಯೇ ಇಲ್ಲ, ಹಿಂದಿನದನ್ನು ವಿವರಿಸುವವರೂ ಇಲ್ಲ. ಎರಡನ್ನೂ ಒಂದರ ಹಿಂದೆ ಒಂದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.)

ಫೋರ್‌ಮನ್‌ದೂ ಇದೇ ಕಥೆ. ಅವನು ಅಲಿಗಿಂತ ಕಪ್ಪು, ಕಷ್ಟದಲ್ಲಿ ಬೆಳೆದ ಹುಡುಗ, ಆಗ 25 ವರ್ಷ. ಜೊತೆಯಲ್ಲಿ ಒಂದು ಅಲ್ಸೇಷನ್ ನಾಯಿ ಕರೆದುಕೊಂಡು ಬಂದ. ಬೆಲ್ಜಿಯಂನವರು ಆಳುವಾಗ ಪೊಲೀಸರ ಕೈಯಲ್ಲಿ ಇಂಥದ್ದೇ ನಾಯಿಗಳಿದ್ದವು. ಸ್ವಾತಂತ್ರ್ಯ ಬಂದು ಬರೀ 14 ವರ್ಷ ಆಗಿತ್ತು, ಜನರಿಗೆ ಆ ನಾಯಿ ಮರೆತಿರಲಿಲ್ಲ. ಅಷ್ಟರಲ್ಲೇ ಫೋರ್‌ಮನ್ ಆ ಊರಿಗೆ ಪರಕೀಯನಾದ. ಅಲಿಗೆ ಇದು ಗೊತ್ತಾಯಿತು, ಚೆನ್ನಾಗಿ ಬಳಸಿಕೊಂಡ. ಚಿತ್ರವೂ ಬಳಸಿಕೊಂಡಿತು. ತೊಂಬತ್ತರ ದಶಕದಲ್ಲಿ ಆ ಐವರನ್ನು ಮಾತಾಡಿಸುವ ಹೊತ್ತಿಗೆ ಅಲಿಗೆ ಪಾರ್ಕಿನ್ಸನ್ಸ್ ಕಾಯಿಲೆ, ಮಾತು ಕಷ್ಟ. ಆದರೆ ಫೋರ್‌ಮನ್‌ಗೆ ಏನಾಗಿತ್ತು? ಗಟ್ಟಿಮುಟ್ಟಾಗಿದ್ದ, ಚರ್ಚಿನಲ್ಲಿ ಉಪದೇಶ ಮಾಡುತ್ತಿದ್ದ, 1994ರಲ್ಲಿ 45ನೇ ವಯಸ್ಸಿನಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆಗಿದ್ದ. ಸೋತವನ ಮಾತು ಆ ಐದು ಕುರ್ಚಿಯಲ್ಲಿ ಇಲ್ಲ. 1997ರಲ್ಲಿ ಚಿತ್ರಕ್ಕೆ ಆಸ್ಕರ್ ಬಂದಾಗ ಅಲಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿದವನು ಅವನೇ. ಆ ಕೈ ಹಿಡಿದದ್ದನ್ನು ಜಗತ್ತೆಲ್ಲ ನೋಡಿತು. ಅವನು 2025ರ ಮಾರ್ಚ್‌ನಲ್ಲಿ ತೀರಿಹೋದ.

ಆಗಸ್ಟ್ 2012

ಇಷ್ಟು ಬರೆದ ಮೇಲೆ ನನ್ನದನ್ನೂ ಬರೆಯಬೇಕು. ಅವತ್ತು ರಾತ್ರಿ ಆ ಚಿತ್ರ ನನಗೆ ಅಷ್ಟು ಚುಚ್ಚಿದ್ದಕ್ಕೆ ಕಾರಣ ಇದೇ.

ಆಗ ನಾನು ಈಜಿಪುರದಲ್ಲಿ ಬಾಡಿಗೆಗಿದ್ದೆ. ಎರಡನೇ ಮಹಡಿ, ಮೆಟ್ಟಿಲಿನ ಈ ಕಡೆ ನನ್ನ ರೂಮು, ಆ ಕಡೆ ಇನ್ನೊಂದು. ಅದರಲ್ಲಿ ಮೂರು ಜನ ಹುಡುಗರು, ಮಣಿಪುರದ ಉಖ್ರುಲ್ ಕಡೆಯವರು. ಒಬ್ಬ ಓದುತ್ತಿದ್ದ, ಒಬ್ಬ ಸೆಕ್ಯುರಿಟಿ, ಇನ್ನೊಬ್ಬ ಹೋಟೆಲ್ ಅಡುಗೆಮನೆಯಲ್ಲಿ ಕೆಲಸ. ಈ ಮೂರನೆಯವನೇ ನನಗೆ ಹತ್ತಿರ. ಮೂರು ವರ್ಷದಿಂದ ಬೆಂಗಳೂರಲ್ಲಿದ್ದ, ಅಡುಗೆಮನೆಯಲ್ಲಿ ಜೊತೆಗಿದ್ದವರು ಮಂಡ್ಯ ಕಡೆಯವರು, ಹಾಗಾಗಿ ಅವನ ಕನ್ನಡದಲ್ಲಿ ‘ಹಂಗಲ್ಲ ಕಣಣ್ಣ’, ‘ಎಂಗಿದ್ದೀಯಣ್ಣ’ ಎಲ್ಲ ಇತ್ತು. ರಜಾ ದಿನ ಬೇಯಿಸಿದ ಹಂದಿಮಾಂಸದ ವಾಸನೆ ಮೆಟ್ಟಿಲ ತನಕ ಬಂದರೆ ಓನರ್ ಆಂಟಿ ಏನನ್ನುತ್ತಾರೋ ಅಂತ ಬಾಗಿಲಿಗೆ ಒದ್ದೆ ಟವೆಲ್ ಹಾಕುತ್ತಿದ್ದ.

ಆಗಸ್ಟ್ 8ರ ಸಂಜೆ ಅವರ ರೂಮಿನಲ್ಲಿ ಲಂಡನ್ ಒಲಿಂಪಿಕ್ಸ್ ನೋಡುತ್ತಿದ್ದೆವು. ಮೇರಿ ಕೋಮ್ ಸೆಮಿಫೈನಲ್, ಎದುರಿಗೆ ಬ್ರಿಟನ್ನಿನ ನಿಕೋಲಾ ಆಡಮ್ಸ್. ಹೆಂಗಸರ ಬಾಕ್ಸಿಂಗ್ ಒಲಿಂಪಿಕ್ಸ್‌ಗೆ ಬಂದಿದ್ದು ಅದೇ ಮೊದಲು, ಬರೀ ಮೂರು ತೂಕದ ವಿಭಾಗ, ಅದರಲ್ಲಿ ಕಡಿಮೆ ಅಂದರೆ 51 ಕೆಜಿ. ಮೇರಿ ಗೆದ್ದುಕೊಂಡು ಬಂದಿದ್ದು 46, 48 ಕೆಜಿಯಲ್ಲಿ. ಇದನ್ನೆಲ್ಲ ನನಗೆ ಹೇಳಿದ್ದು ಆ ಹುಡುಗನೇ. ‘ಅವಳ ಕೈ ಉದ್ದ ಅಣ್ಣ, ಮೇರಿ ಒಳಗೆ ಹೋಗಕ್ಕೇ ಬಿಡ್ತಿಲ್ಲ’ ಅಂತ ತನ್ನ ಎರಡು ಕೈ ಚಾಚಿ ತೋರಿಸಿದ. 11-6ರಲ್ಲಿ ಮೇರಿ ಸೋತರು, ಕಂಚು. ನಾನು ಸಮಾಧಾನ ಮಾಡುವ ಹಾಗೆ ‘ಏನಾದ್ರೂ ಆಗ್ಲಿ, ನಿಮ್ಮೋರು ಮೆಡಲ್ ತಂದ್ರಲ್ಲ’ ಅಂದೆ. ಅವನು ನಕ್ಕು ಹೇಳಿದ: ಅವರು ಕೋಮ್ ಜನ, ನಾವು ತಾಂಗ್‌ಖುಲ್, ಅವರ ಭಾಷೆ ನಮಗೆ ಬರಲ್ಲ ಅಣ್ಣ. ಇನ್ನೊಬ್ಬ ಬಾಕ್ಸರ್ ಸರಿತಾ ದೇವಿ ಇದ್ದಾರಲ್ಲ, ಅವರು ಮೈತೇಯಿ. ಕೊಡಗಿನವರೂ ಬೀದರಿನವರೂ ಒಂದೇನಾ? ಆದ್ರೂ ನಮ್ಮೋರೇ ಬಿಡಿ.

ಒಂದು ವಾರ ಕಳೆಯಿತು. ಅಸ್ಸಾಂನ ಕೊಕ್ರಾಝಾರ್‌ನಲ್ಲಿ ಗಲಭೆ ನಡೆದಿತ್ತು. ಅದರ ಸೇಡಿಗೆ ಇಲ್ಲಿ ಈಶಾನ್ಯದವರನ್ನು ಹೊಡೆಯುತ್ತಾರೆ ಅಂತ ಮೊಬೈಲ್‌ನಿಂದ ಮೊಬೈಲ್‌ಗೆ ಸುದ್ದಿ ಹಬ್ಬಿತು. ಆ ಸುದ್ದಿಗೆ ಅಸ್ಸಾಂ, ಮಣಿಪುರ, ನಾಗಾಲ್ಯಾಂಡ್ ಅನ್ನುವ ಭೇದ ಇರಲಿಲ್ಲ, ಮುಖ ನೋಡಿದರೆ ಸಾಕು ಅನ್ನುವ ಹಾಗೆ. ಆಗಸ್ಟ್ 15ರ ಸಂಜೆಯಿಂದಲೇ ಜನ ಮೆಜೆಸ್ಟಿಕ್ ಕಡೆ ಹೊರಟರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಟ್ಟರು. ಮಾರನೇ ದಿನ ಮೂವರೂ ಹೊರಟರು. ಹುಡುಗನ ಅಮ್ಮ ಗಂಟೆಗೊಂದು ಸಲ ಫೋನ್ ಮಾಡಿ ಅಳುತ್ತಿದ್ದರು. ಕುಕ್ಕರ್, ಗ್ಯಾಸ್ ಸ್ಟವ್ ನನ್ನ ರೂಮಿಗೆ ಬಂತು. ನಾನೂ ಸ್ಟೇಷನ್ ತನಕ ಹೋದೆ.

ಸಿಟಿ ರೈಲ್ವೆ ಸ್ಟೇಷನ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸೂಟ್‌ಕೇಸ್ ಮೇಲೆ ಕೂತವರು, ಗಿಟಾರ್ ಹಿಡಿದವರು, ಮಗು ಎತ್ತಿಕೊಂಡವರು. ಒಬ್ಬ ಟಿವಿ ವರದಿಗಾರ ಗುಂಪಿನಲ್ಲಿ ನುಗ್ಗಿಕೊಂಡು ಬಂದ, ನಮ್ಮ ನಾಲ್ವರ ಮುಖ ನೋಡಿದ, ಮೈಕನ್ನು ನೇರ ನನ್ನ ಮುಂದೆ ಹಿಡಿದ. ‘ಸರ್, ಇವ್ರೆಲ್ಲ ಯಾಕೆ ಹೋಗ್ತಿದ್ದಾರೆ?’

ನಾನು ಹೇಳಿದೆ! ಒಂದೆರಡು ನಿಮಿಷ ನಿರರ್ಗಳವಾಗಿ ಹೇಳಿದೆ. ಭಯ, ವದಂತಿ, ಬೆಂಗಳೂರು ಎಲ್ಲರ ಊರು, ಇವರು ನಮ್ಮ ಅಣ್ಣ ತಮ್ಮಂದಿರು, ಯಾರೂ ಹೆದರಬೇಕಾಗಿಲ್ಲ. ಮಾತಿನ ಭರದಲ್ಲಿ ‘ಇವರು ಅಸ್ಸಾಂ ಕಡೆಯವರು’ ಅಂತಲೂ ಅಂದೆ. ವಾರದ ಹಿಂದೆ ಅಷ್ಟು ಬಿಡಿಸಿ ಹೇಳಿದ್ದವನು ಪಕ್ಕದಲ್ಲೇ ಬ್ಯಾಗ್ ಹೊತ್ತು ನಿಂತಿದ್ದ, ಕನ್ನಡ ಬರುತ್ತಿದ್ದ ಹುಡುಗ. ನಡುವೆ ಕ್ಯಾಮೆರಾದವನು ಅವನ ಮುಖಕ್ಕೆ ತಿರುಗಿಸಿ ಸ್ವಲ್ಪ ಹೊತ್ತು ಹಾಗೇ ಹಿಡಿದ. ಮೈಕ್ ಮಾತ್ರ ನನ್ನ ಹತ್ತಿರವೇ ಇತ್ತು. ಹುಡುಗ ಏನೂ ಅನ್ನಲಿಲ್ಲ. ರೈಲು ಬಂದ ಮೇಲೆ ‘ಕುಕ್ಕರ್ ವಾಷರ್ ಲೂಸ್ ಇದೆ ಅಣ್ಣ, ನೋಡ್ಕೊಂಡು ಹಾಕಿ’ ಅಂದು ಹತ್ತಿದ.

ರಾತ್ರಿ ಟಿವಿಯಲ್ಲಿ ಬಂತು. ತೆರೆಯ ತುಂಬ ಅವನ ಮುಖ, ಅದರ ಮೇಲೆ ನನ್ನ ಧ್ವನಿ.

ಕಿನ್ಶಾಸಾದ ರಸ್ತೆಯ ಜನರನ್ನು ತೋರಿಸುತ್ತಾ ಹಿಂದಿನಿಂದ ಅಮೆರಿಕದ ಧ್ವನಿ ವಿವರಿಸುವಾಗಲೆಲ್ಲ ನನಗೆ ಆ ಟಿವಿ ಕಾಣುತ್ತದೆ. ಮೇಲರ್ ಒಳ್ಳೆಯ ಮಾತುಗಾರ, ಅಲ್ಲಿನ ಜನರ ಮೇಲೆ ಪ್ರೀತಿಯೂ ಇತ್ತು ಅಂತಲೇ ಇಟ್ಟುಕೊಳ್ಳೋಣ. ನನಗೂ ಪ್ರೀತಿ ಇತ್ತು. ಕೆಟ್ಟ ಮನಸ್ಸಿನಿಂದ ಯಾರೂ ಹೀಗೆ ಮಾಡುವುದಿಲ್ಲ, ಮೈಕ್ ಮುಂದೆ ಬಂದಾಗ ಪಕ್ಕಕ್ಕೆ ಸರಿದು ‘ಇವನನ್ನು ಕೇಳಿ’ ಅನ್ನುವುದು ಹೊಳೆಯುವುದೇ ಇಲ್ಲ.

ಆಮೇಲೆ ಬಂದ ಚಿತ್ರಗಳು

ಮೇರಿ ಕೋಮ್ ಕಥೆ 2014ರಲ್ಲಿ ಹಿಂದಿಯಲ್ಲಿ ಸಿನಿಮಾ ಆಯಿತು. ಪ್ರಿಯಾಂಕಾ ಚೋಪ್ರಾ ಮೇರಿ ಆದರು. ತುಂಬ ಕಷ್ಟಪಟ್ಟು ಮೈ ಬೆಳೆಸಿದ್ದರು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಮಣಿಪುರದವರೇ ಆದ ಲಿನ್ ಲೈಶ್ರಾಮ್ ಅದೇ ಸಿನಿಮಾದಲ್ಲಿ ಗೆಳತಿಯ ಪಾತ್ರದಲ್ಲಿದ್ದರು. ಇನ್ನೂ ಬೇಜಾರಿನ ವಿಷಯ ಅಂದರೆ, ಅಲ್ಲಿನ ಉಗ್ರಗಾಮಿ ಸಂಘಟನೆ 2000ದಿಂದ ಹಿಂದಿ ಚಿತ್ರಗಳಿಗೆ ನಿಷೇಧ ಹಾಕಿದ್ದರಿಂದ ಆ ಸಿನಿಮಾ ಮಣಿಪುರದ ಥಿಯೇಟರುಗಳಲ್ಲಿ ಓಡಲೇ ಇಲ್ಲ. ಮೇರಿಯ ಊರಿನವರನ್ನು ಬಿಟ್ಟು ಉಳಿದವರೆಲ್ಲ ನೋಡಿದೆವು.

ಅದಕ್ಕೆ ಹೋಲಿಸಿದರೆ ‘ವಿತ್ ದಿಸ್ ರಿಂಗ್’ ಅನ್ನುವ ಡಾಕ್ಯುಮೆಂಟರಿ ನನಗೆ ಜಾಸ್ತಿ ಹಿಡಿಸಿತು. ಮಾಡಿದವರು ಕೆನಡಾದ ಅಮೀಷಾ ಜೋಶಿ ಮತ್ತು ಆನಾ ಸರ್ಕಿಸಿಯಾನ್, ಅವರೂ ಹೊರಗಿನವರೇ. ಆದರೆ 2006ರಿಂದ ವರ್ಷಗಟ್ಟಲೆ ಮೇರಿ ಕೋಮ್, ಸರಿತಾ ದೇವಿ, ಛೋಟೋ ಲೌರಾ, ಈ ಮೂವರ ಹಿಂದೆ ಓಡಾಡಿದರು. ಮೂವರು ಇದ್ದಾರೆ ಅನ್ನುವುದೇ ನನಗೆ ಮುಖ್ಯ. ಒಬ್ಬರೇ ಆಗಿದ್ದರೆ ಅವರ ತಲೆಯ ಮೇಲೆ ಇಡೀ ಈಶಾನ್ಯವನ್ನು, ಇಡೀ ಹೆಣ್ಣುಕುಲವನ್ನು ಹೊರಿಸಿ ಕೂರಿಸುತ್ತಿದ್ದೆವು. ಮೂವರಾದಾಗ ಅವರವರ ಹಟ ಅವರವರದು, ಮದುವೆಯ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಚಿಂತೆ, ಸೋಲನ್ನು ನುಂಗುವ ರೀತಿಯೂ ಬೇರೆ ಬೇರೆ. ಸರಿತಾ ಅವರನ್ನು 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ನೀವು ನೋಡಿರುತ್ತೀರಿ, ಸೆಮಿಫೈನಲ್ ತೀರ್ಪು ಮೋಸ ಅಂತ ತಮ್ಮ ಕಂಚಿನ ಪದಕವನ್ನು ಕೊರಿಯಾದ ಎದುರಾಳಿಯ ಕೊರಳಿಗೆ ಹಾಕಿ ಬಂದರಲ್ಲ, ಅವರೇ. ಸುದ್ದಿಯಲ್ಲಿ ಅವತ್ತು ಅವರ ಅಳು ಮಾತ್ರ ಕಂಡಿತು. ಈ ಚಿತ್ರ ನೋಡಿದವರಿಗೆ ಆ ಅಳುವಿನ ಹಿಂದೆ ಎಷ್ಟು ವರ್ಷ ಇದೆ ಅಂತ ಗೊತ್ತಿರುತ್ತದೆ.

ಹೊರಗಿನವರು ಚಿತ್ರ ಮಾಡಬಾರದು ಅನ್ನುವ ವಾದ ನನ್ನದಲ್ಲ. ಹಾಗಂದರೆ ನಾವು ಯಾರೂ ಪಕ್ಕದ ಮನೆಯವರ ಬಗ್ಗೆಯೂ ಬರೆಯುವ ಹಾಗಿಲ್ಲ. ಕ್ಯಾಮೆರಾ ಎತ್ತಿಕೊಂಡು ಹೋದವರು ಕುರ್ಚಿಯನ್ನೂ ಎತ್ತಿಕೊಂಡು ಹೋಗಲಿ, ಅಷ್ಟೇ ನಾನು ಕೇಳುವುದು.

ಹುಡುಗ ಮತ್ತೆ ಬೆಂಗಳೂರಿಗೆ ಬರಲಿಲ್ಲ. ಮಿಕ್ಕ ಇಬ್ಬರು ಎರಡು ತಿಂಗಳಿಗೆ ಬಂದರು. ಕುಕ್ಕರ್, ಸ್ಟವ್ ಅವರು ತೆಗೆದುಕೊಂಡು ಹೋದರು. ಅವನು ಈಗ ಊರಲ್ಲೇ ಚಿಕ್ಕ ಊಟದ ಅಂಗಡಿ ಇಟ್ಟಿದ್ದಾನೆ, ಎರಡು ಮಕ್ಕಳು. ಕ್ರಿಸ್‌ಮಸ್‌ಗೆ ಒಂದು ಮೆಸೇಜ್, ಯುಗಾದಿಗೆ ಒಂದು ಮೆಸೇಜ್, ಅಷ್ಟೇ ನಮ್ಮ ಒಡನಾಟ. 2023ರಲ್ಲಿ ಮಣಿಪುರ ಹತ್ತಿ ಉರಿದಾಗ ಮಾತ್ರ ನಾನೇ ನಾಲ್ಕೈದು ಸಲ ಫೋನ್ ಮಾಡಿದ್ದೆ.

ಆ ಚಿತ್ರ ಮತ್ತೆ ನೋಡಿದ ಮೇಲೆ, ಹೋದ ಭಾನುವಾರ ಫೋನ್ ಮಾಡಿದೆ. ಅವನ ಕನ್ನಡ ಸ್ವಲ್ಪ ತುಕ್ಕು ಹಿಡಿದಿದೆ, ಆದರೂ ಹಟ ಹಿಡಿದು ಕನ್ನಡದಲ್ಲೇ ಮಾತಾಡಿದ. ಸ್ಟೇಷನ್‌ದು ನೆನಪಿದೆಯಾ ಅಂದೆ. ಇದೆ ಅಂದ. ಅವತ್ತು ಆ ಮೈಕ್ ನಿನಗೆ ಕೊಡಬೇಕಿತ್ತು, ನಾನು ಮಾತಾಡಿಬಿಟ್ಟೆ, ಅಸ್ಸಾಂ ಅಂತ ಬೇರೆ ಅಂದೆ, ಇಷ್ಟು ವರ್ಷ ಅದು ಮನಸ್ಸಲ್ಲಿದೆ ಅಂದೆ. ಅವನು ಅಯ್ಯೋ ಬಿಡಿ ಅಣ್ಣ ಅಂದ. ನಾನು ಬಿಡಲಿಲ್ಲ. ಕೊಟ್ಟಿದ್ದರೆ ಏನು ಹೇಳುತ್ತಿದ್ದೆ ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಯಾವುದೋ ಪಾತ್ರೆ ಸದ್ದು, ಮಗು ಏನೋ ಕೇಳುತ್ತಿರುವ ಸದ್ದು.

‘ಅವತ್ತಾ? ಎರಡು ತಿಂಗಳ ಸಂಬಳ ಬರ್ಬೇಕಿತ್ತು ಅಣ್ಣ, ಓನರ್ ಕೊಟ್ಟಿರ್ಲಿಲ್ಲ. ಅದನ್ನೇ ಹೇಳ್ತಿದ್ದೆ.’